ಗಲ್ಲು ತೀರ್ಪಿಗೂ ಕುಣಿಕೆಗೂ ನಡುವೆ ಕಡತ ಎಲ್ಲಿ ಕೂರುತ್ತದೆ?

ಪ್ರಶ್ನೆ: ಸೆಷನ್ಸ್ ಕೋರ್ಟು ಗಲ್ಲು ಶಿಕ್ಷೆ ಕೊಟ್ಟು ಹತ್ತು ಹದಿನೈದು ವರ್ಷವಾದರೂ ನೇಣಿಗೆ ಹಾಕುವುದಿಲ್ಲ. ಕಡೆಗೆ ‘ತಡವಾಯಿತು’ ಅಂತ ಜೀವಾವಧಿಗೆ ಇಳಿಸುತ್ತಾರೆ. ಇದೆಲ್ಲ ವಕೀಲರ ಆಟವಲ್ಲವೇ? – ತೀರ್ಥಹಳ್ಳಿಯ ಓದುಗರು

ಉತ್ತರ: ಅಲ್ಲ. ದೊಡ್ಡ ಕೊಲೆ ಪ್ರಕರಣದ ತೀರ್ಪು ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಆದ್ದರಿಂದ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಸೆಷನ್ಸ್ ನ್ಯಾಯಾಧೀಶರು ಗಲ್ಲು ಎಂದು ಬರೆದ ಮಾತ್ರಕ್ಕೆ ಆ ಶಿಕ್ಷೆ ಜಾರಿಗೆ ಯೋಗ್ಯವಾಗುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 407ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 366) ಪ್ರಕಾರ ಅಪರಾಧಿ ಮೇಲ್ಮನವಿ ಹಾಕಲಿ ಬಿಡಲಿ, ಕಡತ ಹೈಕೋರ್ಟಿಗೆ ಹೋಗಲೇಬೇಕು. ಸಾಗರದ ಪ್ರಕರಣವಾದರೆ ಬೆಂಗಳೂರಿಗೆ, ಪಕ್ಕದ ಸಿದ್ದಾಪುರದ್ದಾದರೆ ಧಾರವಾಡ ಪೀಠಕ್ಕೆ. ಅಲ್ಲಿ ಇಬ್ಬರು ನ್ಯಾಯಮೂರ್ತಿಗಳು ಸಾಕ್ಷ್ಯವನ್ನೆಲ್ಲ ಮೊದಲಿನಿಂದ ತೂಗಿ ನೋಡಿ ಕಾಯಂ ಮಾಡಬೇಕು. ಆಮೇಲೆ ಸುಪ್ರೀಂ ಕೋರ್ಟು, ಅದರ ಮೇಲೆ ಪುನರ್‌ಪರಿಶೀಲನಾ ಅರ್ಜಿ. 2014ರಿಂದ ಗಲ್ಲು ಪ್ರಕರಣಗಳಲ್ಲಿ ಈ ಅರ್ಜಿಯನ್ನು ಮೂವರು ನ್ಯಾಯಮೂರ್ತಿಗಳು ತೆರೆದ ನ್ಯಾಯಾಲಯದಲ್ಲೇ ಕೇಳಬೇಕು. ಹೋದ ಜೀವವನ್ನು ಯಾವ ತೀರ್ಪೂ ವಾಪಸ್ ತರುವುದಿಲ್ಲ. ಹಾಗಿರುವಾಗ ಇಷ್ಟು ಪರಿಶೀಲನೆ ಹೆಚ್ಚೇನಲ್ಲ.

ಜನ ಇಲ್ಲಿ ಒಂದು ವಿಷಯ ತಪ್ಪು ತಿಳಿಯುತ್ತಾರೆ. ಕೋರ್ಟುಗಳಲ್ಲಿ ಕಳೆದ ಈ ವರ್ಷಗಳನ್ನು ಲೆಕ್ಕ ಹಾಕಿ ಯಾರೂ ಶಿಕ್ಷೆ ಇಳಿಸುವುದಿಲ್ಲ. ಲೆಕ್ಕಕ್ಕೆ ಬರುವುದು ರಾಜ್ಯಪಾಲರಿಗೋ ರಾಷ್ಟ್ರಪತಿಗೋ ಕ್ಷಮಾದಾನ ಅರ್ಜಿ ಸಲ್ಲಿಸಿದ ಮೇಲೆ ಸರ್ಕಾರ ಸಕಾರಣವಿಲ್ಲದೆ ಮಾಡಿದ ತಡ. ಅಪರಾಧಿಯೇ ಎಳೆದಿದ್ದರೆ ಅದನ್ನು ಕಳೆಯುತ್ತಾರೆ. ‘ಎರಡು ವರ್ಷ ದಾಟಿದರೆ ಗಲ್ಲು ರದ್ದು’ ಎಂಬ ಮಾತು ಈಗಲೂ ಕೋರ್ಟಿನ ಆವರಣದಲ್ಲಿ ಓಡಾಡುತ್ತದೆ. 1983ರ ಒಂದು ತೀರ್ಪಿನಲ್ಲಿ ಹಾಗೆ ಹೇಳಿದ್ದು ನಿಜ. ಅದೇ ವರ್ಷ ಇನ್ನೊಂದು ಪೀಠ ಅದನ್ನು ಒಪ್ಪಲಿಲ್ಲ. 1989ರಲ್ಲಿ ತ್ರಿವೇಣಿಬೆನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಇಂತಿಷ್ಟೇ ವರ್ಷ ಎಂಬ ಗೆರೆ ಇಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ವೀರಪ್ಪನ್ ತಂಡ ನಡೆಸಿದ 1993ರ ಪಾಲಾರ್ ನೆಲಬಾಂಬ್ ಸ್ಫೋಟದ ನಾಲ್ವರು ಅಪರಾಧಿಗಳಿಗೆ ಸುಪ್ರೀಂ ಕೋರ್ಟು 2004ರಲ್ಲಿ ಗಲ್ಲು ವಿಧಿಸಿತು. ಕ್ಷಮಾದಾನ ಅರ್ಜಿ ತಿರಸ್ಕಾರವಾದದ್ದು 2013ರ ಫೆಬ್ರುವರಿಯಲ್ಲಿ. ಒಂಬತ್ತು ವರ್ಷ ಆ ನಾಲ್ವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಇಂದೋ ನಾಳೆಯೋ ಎಂದು ಕಾದರು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಇವರೂ ಸೇರಿ 15 ಜನರ ಗಲ್ಲು ಜೀವಾವಧಿಯಾಯಿತು. ಇದರಲ್ಲಿ ವಕೀಲರ ಪಾಲೇನು ಹೇಳಿ?

ಪುಣೆಯ 2007ರ ಅತ್ಯಾಚಾರ–ಕೊಲೆ ಪ್ರಕರಣ ಇನ್ನೂ ಬೇಸರದ್ದು. 2017ರಲ್ಲೇ ಕ್ಷಮಾದಾನ ತಿರಸ್ಕಾರವಾಗಿತ್ತು, ಡೆತ್ ವಾರಂಟ್ (ನೇಣಿನ ದಿನ ಗೊತ್ತುಮಾಡುವ ಆದೇಶ) ಹೊರಟದ್ದು 2019ರಲ್ಲಿ. ನಡುವೆ ಕಚೇರಿಯಿಂದ ಕಚೇರಿಗೆ ಬರೀ ಪತ್ರ. ಬಾಂಬೆ ಹೈಕೋರ್ಟು ಗಲ್ಲನ್ನು 35 ವರ್ಷದ ಸೆರೆಗೆ ಇಳಿಸಿತು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮಗಳನ್ನು ಕಳಕೊಂಡ ಮನೆಯವರು ಕೋಪ ಮಾಡಿಕೊಳ್ಳಬೇಕಾದದ್ದು ಆ ಕಡತದ ಮೇಲೆ ಕೂತವರ ಮೇಲೆ.

ಹೊಸ ಸಂಹಿತೆಯ 472ನೇ ಕಲಂ ಇದಕ್ಕೆ ಗಡುವು ಹಾಕಿದೆ, ಅರ್ಧ ಮಾತ್ರ. ಸುಪ್ರೀಂ ಕೋರ್ಟಿನಲ್ಲಿ ಸೋತದ್ದನ್ನು ಜೈಲು ಅಧೀಕ್ಷಕರು ತಿಳಿಸಿದ ದಿನದಿಂದ 30 ದಿನದೊಳಗೆ ಕ್ಷಮಾದಾನ ಅರ್ಜಿ ಹಾಕಬೇಕು. ಮೊದಲು ರಾಜ್ಯಪಾಲರಿಗೆ ಹಾಕಿ ಅವರು ತಿರಸ್ಕರಿಸಿದರೆ, ಅಲ್ಲಿಂದ 60 ದಿನದೊಳಗೆ ರಾಷ್ಟ್ರಪತಿಗೆ. ಕೇಂದ್ರ ಸರ್ಕಾರ 60 ದಿನದಲ್ಲಿ ಶಿಫಾರಸು ಮಾಡಬೇಕು. ಆದರೆ ಈ 60 ದಿನ ಶುರುವಾಗುವುದು ರಾಜ್ಯದ ಅಭಿಪ್ರಾಯ ಮತ್ತು ಜೈಲಿನ ದಾಖಲೆ ಕೈಸೇರಿದ ಮೇಲೆ. ರಾಜ್ಯ ಎಷ್ಟು ದಿನದಲ್ಲಿ ಅಭಿಪ್ರಾಯ ಕಳಿಸಬೇಕು? ಗಡುವಿಲ್ಲ. ರಾಷ್ಟ್ರಪತಿಗೂ ಇಲ್ಲ. ಈ ಎರಡು ಕಿಂಡಿ ಮುಚ್ಚದೆ ಮುಂದೆಯೂ ತಡ ತಪ್ಪುವುದಿಲ್ಲ.

ಆದ್ದರಿಂದ ಅಪರಾಧಿಯ ಮನೆಯವರು ಮಾಡಬೇಕಾದದ್ದು: ಜೈಲಿನಿಂದ ಮಾಹಿತಿ ಸಿಕ್ಕ ತಾರೀಕನ್ನು ಬರಹದಲ್ಲಿ ತಗೊಳ್ಳಿ, ಗಡುವು ಅಲ್ಲಿಂದಲೇ ಎಣಿಕೆ. ಅರ್ಜಿಯನ್ನು ಅಧೀಕ್ಷಕರ ಮೂಲಕ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಕಿನ ಮೊಹರು ಹಾಕಿಸಿ. ಮೂರೂ ಕೋರ್ಟಿನ ತೀರ್ಪು, ವಯಸ್ಸಿನ ದಾಖಲೆ, ಮಾನಸಿಕ ಚಿಕಿತ್ಸೆಯ ಚೀಟಿಗಳು, ಜೈಲಿನ ನಡತೆ ವರದಿ ಲಗತ್ತಿಸಿ. ‘ಬಡವ, ಕರುಣೆ ತೋರಿ’ ಎಂದು ಒಂದು ಹಾಳೆ ಬರೆದು ಕಳಿಸುವವರೇ ಹೆಚ್ಚು. ಕಡತದಲ್ಲಿ ಇಲ್ಲದ ಸಂಗತಿಯನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಒಂಟಿ ಕೋಣೆಯಲ್ಲಿಟ್ಟಿದ್ದರೆ ಎಂದಿನಿಂದ ಎಂದಿನವರೆಗೆ ಎಂದು ಬರೆಯಿರಿ. ಹಿಂಡಲಗಾದಲ್ಲಿ 2006ರಿಂದ ಹತ್ತು ವರ್ಷ ಒಂಟಿ ಸೆರೆಯಲ್ಲಿದ್ದವನ ಗಲ್ಲನ್ನು 2022ರಲ್ಲಿ ಸುಪ್ರೀಂ ಕೋರ್ಟು ಇಳಿಸಿದ್ದು ಮುಖ್ಯವಾಗಿ ಆ ಕಾರಣಕ್ಕೆ. ಬಿಡುಗಡೆಯೇನೂ ಆಗಲಿಲ್ಲ, ಕನಿಷ್ಠ 30 ವರ್ಷ ಒಳಗಿರಬೇಕು ಎಂದಿತು.

ಪ್ರಶ್ನೆ: ನೇಣು ಹಾಕುವಾಗ ಹಗ್ಗ ಕಡಿದರೆ ಬಿಟ್ಟುಬಿಡಬೇಕಂತೆ, ಹೌದೇ? – ಹೊಸನಗರ

ಉತ್ತರ: ಸುಳ್ಳು. ‘ಪ್ರಾಣ ಹೋಗುವವರೆಗೆ’ ಎಂದೇ ತೀರ್ಪಿನಲ್ಲಿ ಬರೆದಿರುತ್ತದೆ.

ಪ್ರಶ್ನೆ: ಜೀವಾವಧಿ ಅಂದರೆ 14 ವರ್ಷ ತಾನೆ? – ಭದ್ರಾವತಿ

ಉತ್ತರ: ಜೀವ ಇರುವವರೆಗೆ. ಕೊಲೆಯಂಥ ಅಪರಾಧದಲ್ಲಿ 14 ವರ್ಷ ಮುಗಿಯುವ ಮೊದಲು ಬಿಡುಗಡೆ ಮಾಡುವಂತಿಲ್ಲ ಎಂದಷ್ಟೇ ಕಾನೂನು.

ಪ್ರಶ್ನೆ: ಮುಂದೆ ಗಲ್ಲು ಶಿಕ್ಷೆ ರದ್ದಾಗುತ್ತದೆಯೇ? – ಶಿಕಾರಿಪುರ

ಉತ್ತರ: ಕಾಯ್ದೆಯ ಪುಸ್ತಕದಿಂದ ಸದ್ಯಕ್ಕೆ ಹೋಗದು. ಭಯೋತ್ಪಾದನೆ, ದೇಶದ ವಿರುದ್ಧ ಯುದ್ಧ ಸಾರುವುದು ಇವೆರಡು ಬಿಟ್ಟು ಉಳಿದುದಕ್ಕೆ ರದ್ದು ಮಾಡಿ ಎಂದು ಕಾನೂನು ಆಯೋಗ 2015ರಲ್ಲೇ ಹೇಳಿತು. ಸಂಸತ್ತು ಮಾತ್ರ ಆಮೇಲೂ ಹೊಸ ಅಪರಾಧಗಳನ್ನು ಪಟ್ಟಿಗೆ ಸೇರಿಸಿದೆ. ಕೋರ್ಟುಗಳು ಬೇರೆ ದಾರಿ ಹಿಡಿದಿವೆ: ಕರ್ನಾಟಕದ್ದೇ ಆದ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಗಲ್ಲಿನ ಬದಲು, ಮಾಫಿ ಇಲ್ಲದ ಆಜೀವ ಸೆರೆ ಕೊಟ್ಟಿತು. 2015ರಲ್ಲಿ ಸಂವಿಧಾನ ಪೀಠವೂ ಆ ದಾರಿಯನ್ನು ಒಪ್ಪಿತು. ಆದರೆ ಅಂಥ ಶಿಕ್ಷೆ ಹೈಕೋರ್ಟು, ಸುಪ್ರೀಂ ಕೋರ್ಟು ಮಾತ್ರ ಕೊಡಬಹುದು. ಗಲ್ಲಿನ ಜಾಗಕ್ಕೆ ಮೆಲ್ಲಗೆ ಇದೇ ಬರುತ್ತಿದೆ, ಬರಬೇಕು ಎಂಬುದೇ ನನ್ನ ನಿಲುವು ಕೂಡ.

ಪ್ರಶ್ನೆ: ದೆಹಲಿಯಲ್ಲಿ ಪರಿಚಯವಿದೆ, ಕ್ಷಮಾದಾನ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ದುಡ್ಡು ಕೇಳುತ್ತಿದ್ದಾರೆ. ಕೊಡಲೇ? – ಸಾಗರ

ಉತ್ತರ: ಒಂದು ಪೈಸೆಯನ್ನೂ ಕೊಡಬೇಡಿ. ಅಡಿಕೆ ತೋಟ ಅಡವಿಟ್ಟು ಇಂಥ ದಲ್ಲಾಳಿಗಳ ಕೈಗೆ ಹಾಕಿದರೆ ಮನೆಯೂ ಮುಳುಗುತ್ತದೆ, 30 ದಿನವೂ ಕಳೆದುಹೋಗುತ್ತದೆ. ಕ್ಷಮಾದಾನ ಅರ್ಜಿಗೆ ಶುಲ್ಕವಿಲ್ಲ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾಳೆಯೇ ಹೋಗಿ. ಜೈಲಿನಲ್ಲಿರುವವರಿಗೆ ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.