ಸುಲ್ತಾನಹ್ಮೆತ್ ಚೌಕದ ಕಂಬಗಳು ಗುಂಡಿಯಲ್ಲಿ ಯಾಕಿವೆ?

ಇಸ್ತಾಂಬುಲ್‌ನ ಸುಲ್ತಾನಹ್ಮೆತ್ ಚೌಕದಲ್ಲಿ ಹಳೇ ಕಂಬಗಳನ್ನು ಬೇಕಂತಲೇ ಗುಂಡಿ ತೋಡಿ ನಿಲ್ಲಿಸಿದ್ದಾರಾ ಅಂತ ಕೇಳಿದ್ದೀರಿ. ಇಲ್ಲ, ಕಂಬ ಇಳಿದಿಲ್ಲ, ನೆಲ ಏರಿದೆ. ಕಂಬದ ಬುಡ ಇರುವ ಮಟ್ಟದಲ್ಲೇ ರೋಮನ್ನರ ಕಾಲದಲ್ಲಿ ಪಂದ್ಯದ ಕುದುರೆ ರಥಗಳು ಓಡುತ್ತಿದ್ದವು. ಶತಮಾನಗಳ ಮಣ್ಣು, ಬಿದ್ದ ಕಟ್ಟಡಗಳ ಕಲ್ಲು ಸೇರಿ ಮೈದಾನ ಮುಚ್ಚಿಹೋಯಿತು. ಆಮೇಲೆ ಬುಡ ಕಾಣಲಿ ಅಂತ ಸುತ್ತ ಅಗೆದರು.

ಹೋದಾಗ ಈಜಿಪ್ಟಿನ ಕಂಬದ ಹತ್ತಿರ ದಯವಿಟ್ಟು ಸ್ವಲ್ಪ ಹೊತ್ತು ನಿಲ್ಲಿ. ಅದನ್ನು ಅಲ್ಲಿ ನಿಲ್ಲಿಸಿದ್ದು ರೋಮನ್ ಚಕ್ರವರ್ತಿ ಥಿಯೊಡೋಸಿಯಸ್, ಕ್ರಿ.ಶ. 390ರಲ್ಲಿ. ಪೀಠದ ಒಂದು ಬದಿಯಲ್ಲಿ ಅವನು ಪಂದ್ಯದಲ್ಲಿ ಗೆದ್ದವನಿಗಾಗಿ ಹಾರ ಹಿಡಿದು ನಿಂತಿದ್ದಾನೆ. ಕೆಳಗೆ ಕುಣಿಯುವವರು, ವಾದ್ಯದವರು. ಇನ್ನೂ ಕೆಳಗೆ, ಪೀಠದ ಬೇರೊಂದು ಬದಿಯಲ್ಲಿ, ಹಗ್ಗ ಕಟ್ಟಿ ಇದೇ ಕಂಬವನ್ನು ಎಬ್ಬಿಸುತ್ತಿರುವ ದೃಶ್ಯ! ಜಾಸ್ತಿ ಜನ ಇದನ್ನು ನೋಡದೆ ಪಕ್ಕದ ನೀಲಿ ಮಸೀದಿ ಕಡೆ ನಡೆದುಬಿಡುತ್ತಾರೆ.

ಮುಂದೆ ಊರನ್ನು ಆಳಿದ ಒಟ್ಟೋಮನ್ ತುರ್ಕರೂ ಈ ಜಾಗವನ್ನು ಬಯಲಾಗಿಯೇ ಉಳಿಸಿಕೊಂಡರು. 1582ರಲ್ಲಿ ರಾಜಕುಮಾರ ಮೆಹ್ಮದನ ಸುನ್ನತಿ ಉತ್ಸವ ಇಲ್ಲೇ ವಾರಗಟ್ಟಲೆ ನಡೆಯಿತು. ನೀಲಿ ಮಸೀದಿ ಕಟ್ಟಲು ಶುರುವಾಗಿದ್ದು 1609ರಲ್ಲಿ.

ಎದುರಿನ ಇಬ್ರಾಹಿಂ ಪಾಷಾ ಅರಮನೆ ಈಗ ಮ್ಯೂಸಿಯಂ. ಒಳಗೆ ಹೋದರೆ ಹಳೇ ಮೈದಾನದ ಅವಶೇಷಗಳನ್ನೂ ನೋಡಬಹುದು, ತಪ್ಪಿಸಬೇಡಿ.