ಪ್ರತಿಕ್ರಿಯೆ: ಮೆಲ್ಬರ್ನ್ ಕಚೇರಿಯಲ್ಲಿ ಬಡ್ತಿಯ ಸುದ್ದಿಗೆ ಗೇಲಿ

ನಿಮಗೆ ಬಡ್ತಿ ಸಿಕ್ಕ ಸುದ್ದಿಯನ್ನು ಮೆಲ್ಬರ್ನ್ ಕಚೇರಿಯಲ್ಲಿ ಹೇಳಿದಾಗ ಸಹೋದ್ಯೋಗಿಗಳು ಗೇಲಿ ಮಾಡಿದರೆಂದು ಬರೆದಿದ್ದೀರಿ. ಅವರು ಕಾಲೆಳೆದದ್ದು ಬಹುಶಃ ಹೊಟ್ಟೆಕಿಚ್ಚಿನಿಂದಲ್ಲ. ತನ್ನ ಸಾಧನೆಯನ್ನು ತಾನೇ ಹೇಳಿಕೊಳ್ಳುವವರನ್ನು ಆಸ್ಟ್ರೇಲಿಯಾದವರು ನೆಲಕ್ಕಿಳಿಸುತ್ತಾರೆ, ಪ್ರಧಾನಿಯನ್ನೂ ಬಿಡುವುದಿಲ್ಲ.

ಮೊದಲು, ಸಮರ್ಥನೆಗೆ ಇಳಿಯಬೇಡಿ. ‘ಹೌದು, ಬೇರೆ ಯಾರೂ ಸಿಗಲಿಲ್ಲವಂತೆ’ ಎಂದು ನಿಮ್ಮನ್ನೇ ನೀವು ಗೇಲಿ ಮಾಡಿಕೊಳ್ಳಿ. ಆಮೇಲೆ, ಮೇಲಧಿಕಾರಿಯನ್ನು ‘ಸರ್’ ಎನ್ನುವುದು ಬಿಟ್ಟು ಹೆಸರಿನಿಂದಲೇ ಕರೆಯಿರಿ (ನಮ್ಮ ನಾಲಿಗೆಗೆ ಕಷ್ಟವೇ). ಶುಕ್ರವಾರ ಸಂಜೆ ಪಬ್‌ಗೆ ಕರೆದರೆ ಹೋಗಿ. ಕಿತ್ತಳೆ ರಸ ಕುಡಿದರೂ ನಡೆಯುತ್ತದೆ. ಆದರೆ ಸರದಿ ಬಂದಾಗ ಇಡೀ ಗುಂಪಿನ ಪಾನೀಯಕ್ಕೆ ನೀವೇ ದುಡ್ಡು ಕೊಡಬೇಕು. ಸರದಿ ತಪ್ಪಿಸಿಕೊಂಡವನನ್ನು ಅವರು ಸುಲಭಕ್ಕೆ ಕ್ಷಮಿಸುವುದಿಲ್ಲ.

ಮಾತಿನ ಧಾಟಿ ಕೇಳದೆ ಖಚಿತವಾಗಿ ಹೇಳಲಾರೆ. ಗೇಲಿ ಮೈಬಣ್ಣದತ್ತ, ಜನಾಂಗದತ್ತ ತಿರುಗಿದ್ದರೆ ಅದು ತಮಾಷೆಯಲ್ಲ. ದಿನಾಂಕ ಸಹಿತ ಬರೆದಿಟ್ಟು ಮಾನವ ಸಂಪನ್ಮೂಲ ವಿಭಾಗಕ್ಕೆ ತಿಳಿಸಿ. ಫಲ ಸಿಗದಿದ್ದರೆ 1975ರ ಜನಾಂಗೀಯ ತಾರತಮ್ಯ ಕಾಯ್ದೆಯಡಿ ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು.