ಗುಜರಿ ಸಾಮಾನಿನಿಂದ ಹಿತ್ತಲಿನ ರೋಬೋಟ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳ್ಳಿ. ಹಿತ್ತಲಿನಲ್ಲಿ ಹರಿವೆ, ಬೆಂಡೆ, ಬದನೆ ಬೆಳೆಯುತ್ತೇವೆ. ಅಬ್ಬಿಯ ನೀರು ಪೈಪಿನಲ್ಲಿ ಬರುತ್ತದೆ, ಮಾರ್ಚ್ ಕಳೆದರೆ ಸಣ್ಣದಾಗುತ್ತದೆ. ಅಟ್ಟದ ಮೇಲೆ ಹಾಳಾದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಹಳೆಯ ಆರ್‌ಒ ಯಂತ್ರ, ಓಮ್ನಿಯ ವೈಪರ್ ಮೋಟಾರ್ ಮತ್ತು ಯುಪಿಎಸ್‌ನ ಎರಡು ಬ್ಯಾಟರಿಗಳಿವೆ. ಡಿಪ್ಲೊಮಾ ಓದುತ್ತಿರುವ ಮಗಳು ಇವನ್ನೆಲ್ಲ ಸೇರಿಸಿ, ಗಿಡಗಳ ನಡುವೆ ಓಡಾಡಿ ತಾನೇ ನೀರುಣಿಸುವ ನಾಲ್ಕು ಚಕ್ರದ ರೋಬೋಟ್ ಮಾಡುತ್ತೇನೆ ಎನ್ನುತ್ತಿದ್ದಾಳೆ. ಪ್ರೋಗ್ರಾಂ ಹಾಕಬಲ್ಲ ಇಎಸ್‌ಪಿ32 ಎಂಬ ಪುಟ್ಟ ನಿಯಂತ್ರಕ ಬೋರ್ಡ್ ಮತ್ತು ಅದರ ಆಣತಿಯಂತೆ ಮೋಟಾರಿಗೆ ವಿದ್ಯುತ್ ಕೊಡುವ ಎಲ್298ಎನ್ ಮೋಟಾರ್ ಡ್ರೈವರ್ ತರಿಸಿದ್ದೇವೆ. ಇದು ಸಾಧ್ಯವೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಸಾಧ್ಯವಿದೆ, ನಿಮ್ಮ ಅಟ್ಟದಲ್ಲಿರುವ ಸಾಮಾನಿನ ಬಹುಪಾಲು ಉಪಯೋಗಕ್ಕೂ ಬರುತ್ತದೆ. ಆದರೆ ನಾಲ್ಕು ಚಕ್ರದ ಯೋಚನೆಯನ್ನು ಮಾತ್ರ ಈಗಲೇ ಕೈಬಿಡಿ. ನೀರು ಬಿದ್ದ ಮಣ್ಣಿನಲ್ಲಿ ಸಣ್ಣ ಚಕ್ರಗಳು ಹೂತುಕೊಳ್ಳುತ್ತವೆ, ಒಣಗಿದ ಮೇಲೆ ಹೆಂಟೆ ಹತ್ತಿ ವಾಲುತ್ತವೆ. ಹೊತ್ತೊಯ್ಯಬೇಕಾದ ನೀರಿನ ಭಾರ ಬೇರೆ. ಇದಕ್ಕಿಂತ ದೊಡ್ಡ ತೊಡಕೆಂದರೆ, ತಾನು ಯಾವ ಗಿಡದ ಮುಂದೆ ನಿಂತಿದ್ದೇನೆ ಎಂಬುದು ಯಂತ್ರಕ್ಕೆ ತಿಳಿಯಬೇಕು, ಮತ್ತು ಕೆಲವು ಮೀಟರುಗಳಷ್ಟು ಆಚೀಚೆ ತೋರಿಸುವ ಅಗ್ಗದ ಜಿಪಿಎಸ್ ಹಿತ್ತಲಿನ ಕೆಲಸಕ್ಕೆ ಒದಗುವುದಿಲ್ಲ. ಅಮೆರಿಕದ ರೋರಿ ಅರಾನ್ಸನ್ ಅವರು ವಿದ್ಯಾರ್ಥಿಯಾಗಿದ್ದಾಗ, 2011ರಲ್ಲಿ, ಯೋಚಿಸಿ 2013ರಲ್ಲಿ ವಿವರಗಳನ್ನು ಪ್ರಕಟಿಸಿದ ಫಾರ್ಮ್‌ಬಾಟ್ ಯಂತ್ರ ಈ ತೊಡಕನ್ನು ಸರಳವಾಗಿ ಬಗೆಹರಿಸಿದೆ. ಅಲ್ಲಿ ಮಡಿಯ ಎರಡೂ ಅಂಚಿಗೆ ಹಳಿ ಹಾಕಿ, ಅದರ ಮೇಲೆ ಅಡ್ಡ ಚೌಕಟ್ಟೊಂದನ್ನು ಓಡಿಸುತ್ತಾರೆ. ಹಳಿಯ ಮೇಲಿರುವ ಯಂತ್ರಕ್ಕೆ ಹಿಂದೆ, ಮುಂದೆ ಎರಡೇ ದಾರಿಯಿರುವುದರಿಂದ ಜಾಗದ ಲೆಕ್ಕ ಸುಲಭವಾಗುತ್ತದೆ. ಆ ಯಂತ್ರದ ನಕ್ಷೆಗಳೂ ತಂತ್ರಾಂಶವೂ ಎಲ್ಲರಿಗೂ ಮುಕ್ತವಾಗಿವೆ, ಮಗಳು ಅವನ್ನು ತಪ್ಪದೆ ನೋಡಲಿ.

ನೀವು ಅದನ್ನೂ ಇನ್ನಷ್ಟು ಸರಳಗೊಳಿಸಿ ಆರಂಭಿಸಿ. ಮೂರು ಮೀಟರ್ ಉದ್ದ, 90 ಸೆಂ.ಮೀ. ಅಗಲದ ಒಂದೇ ಏರುಮಡಿಯನ್ನು ಆರಿಸಿಕೊಂಡು, ಅದರ ಎರಡೂ ಬದಿಗೆ ಚಿರೆಕಲ್ಲನ್ನು ಮಟ್ಟ ನೋಡಿ ಜೋಡಿಸಿ, ಕಲ್ಲಿನ ಮೇಲೆ ಹಳೆಯ ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಹಳಿಯನ್ನು ಕೂರಿಸಿ. ಕಿಟಕಿ ಕೆಲಸ ಮಾಡುವವರ ಅಂಗಡಿಯಲ್ಲಿ ಬಿಚ್ಚಿ ಹಾಕಿದ ಹಳಿಗಳೂ ಅದರಲ್ಲಿ ಓಡುವ ಬೇರಿಂಗ್ ಗಾಲಿಗಳೂ ತೂಕದ ಲೆಕ್ಕಕ್ಕೆ ಸಿಗುತ್ತವೆ. ಆ ಗಾಲಿಗಳ ಮೇಲೆ ಹಗುರವಾದ ಪಿವಿಸಿ ಚೌಕಟ್ಟು, ಚೌಕಟ್ಟಿನಲ್ಲಿ ಮಡಿಯ ಅಗಲಕ್ಕೆ ಅಡ್ಡವಾಗಿ ತೂತುಗಳಿರುವ ಒಂದು ನೀರಿನ ಕೊಳವೆ, ಇಷ್ಟೇ ಓಡಾಡಬೇಕಾದದ್ದು. ಮೋಟಾರ್, ಪಂಪ್, ಬ್ಯಾಟರಿ, ಬೋರ್ಡ್ ಎಲ್ಲವೂ ಮಡಿಯ ಒಂದು ತುದಿಯಲ್ಲಿ ಮಾಡಿನ ಕೆಳಗೆ ಕದಲದೆ ಇರಲಿ. ವೈಪರ್ ಮೋಟಾರಿನ ತುದಿಗೆ ಐದು ಸೆಂ.ಮೀ. ವ್ಯಾಸದ ಪಿವಿಸಿ ತುಂಡನ್ನು ಬಿಗಿದು, ನೈಲಾನ್ ಹಗ್ಗವನ್ನು ಅದಕ್ಕೆ ಎರಡು ಮೂರು ಸುತ್ತು ಹಾಕಿ, ಆಚೆ ತುದಿಯ ರಾಟೆಯಿಂದ ತಿರುಗಿಸಿ ತಂದು ಎರಡೂ ಕೊನೆಗಳನ್ನು ಚೌಕಟ್ಟಿಗೆ ಕಟ್ಟಿದರೆ, ಮೋಟಾರ್ ತಿರುಗಿದ ಕಡೆಗೆ ಚೌಕಟ್ಟು ಬರುತ್ತದೆ. ಚಲಿಸುವ ಭಾಗದಲ್ಲಿ ಒಂದು ತಂತಿಯೂ ಇಲ್ಲದಿರುವುದು ಈ ವಿನ್ಯಾಸದ ದೊಡ್ಡ ಗುಣ. ಮಡಚಿ ಮಡಚಿ ಒಳಗೇ ತುಂಡಾಗುವ ತಂತಿಯನ್ನು ಹುಡುಕುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ಎಲ್298ಎನ್ ಡ್ರೈವರನ್ನು ಈ ಮೋಟಾರಿಗೆ ಜೋಡಿಸಬೇಡಿ. ಅದು ಒಂದೊಂದು ಬದಿಗೆ ತಾಳಿಕೊಳ್ಳುವುದು ಎರಡು ಆಂಪಿಯರ್ ಮಾತ್ರ, ವೈಪರ್ ಮೋಟಾರ್ ಎಲ್ಲಾದರೂ ಸಿಕ್ಕಿಕೊಂಡು ನಿಂತರೆ ಹತ್ತು ಆಂಪಿಯರಿಗೂ ಮೀರಿ ಎಳೆಯಬಲ್ಲದು. ಕಾರಿನ ವಿದ್ಯುತ್ ಅಂಗಡಿಯಲ್ಲಿ ಸಿಗುವ ಐದು ಪಿನ್ನಿನ ಎರಡು ರಿಲೇಗಳಿಂದಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳು) ಹಿಂದೆ ಮುಂದೆ ತಿರುಗಿಸುವ ವ್ಯವಸ್ಥೆ ಆಗುತ್ತದೆ, ಮತ್ತು ಎರಡೂ ರಿಲೇ ಬಿಟ್ಟಾಗ ಮೋಟಾರಿನ ಎರಡೂ ತುದಿ ಒಂದೇ ಕಡೆ ಕೂಡುವಂತೆ ಜೋಡಿಸಿದರೆ ಅದು ತಕ್ಷಣ ನಿಲ್ಲುತ್ತದೆ. ಇಎಸ್‌ಪಿ32ರ ಪಿನ್ನಿನಿಂದ ಈ ರಿಲೇಯನ್ನು ನೇರವಾಗಿ ಎಳೆಸಲಾಗದು, ನಡುವೆ ಟ್ರಾನ್ಸಿಸ್ಟರ್ ಬೇಕು. ಇನ್ನೊಂದು ಎಚ್ಚರಿಕೆ: ಅನೇಕ ವೈಪರ್ ಮೋಟಾರುಗಳಲ್ಲಿ ಋಣ ತುದಿಯನ್ನು ಹೊರಕವಚಕ್ಕೇ ಸೇರಿಸಿರುತ್ತಾರೆ. ದಿಕ್ಕು ಬದಲಿಸಿದಾಗ ಆ ಕವಚಕ್ಕೆ 12 ವೋಲ್ಟ್ ಬರುವುದರಿಂದ, ಮಲ್ಟಿಮೀಟರಿನಲ್ಲಿ ಮೊದಲು ಪರೀಕ್ಷಿಸಿ, ಮೋಟಾರನ್ನು ಲೋಹದ ಚೌಕಟ್ಟಿಗೆ ತಾಗದಂತೆ ಮರದ ಹಲಗೆಯ ಮೇಲೆ ಬಿಗಿಯಿರಿ. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಹತ್ತು ಆಂಪಿಯರಿನ ಫ್ಯೂಸ್ ಇರಲೇಬೇಕು.

ಚೌಕಟ್ಟು ಎಲ್ಲಿದೆ ಎಂದು ತಿಳಿಯಲು, ಹಗ್ಗ ಸುತ್ತಿದ ಪಿವಿಸಿ ತುಂಡಿಗೆ ಸಣ್ಣ ಅಯಸ್ಕಾಂತ ಅಂಟಿಸಿ, ಎದುರಿಗೆ ಬಾಗಿಲಿನ ಅಲಾರಾಂಗೆ ಬಳಸುವ, ಅಯಸ್ಕಾಂತ ಹತ್ತಿರ ಬಂದರೆ ಕೂಡುವ ರೀಡ್ ಸ್ವಿಚ್ ಇಟ್ಟರೆ, ಸುತ್ತಿಗೊಮ್ಮೆ ಸೂಚನೆ ಬರುತ್ತದೆ. ಒಂದು ಸುತ್ತೆಂದರೆ ಸುಮಾರು 16 ಸೆಂ.ಮೀ. ಓಟ. ಹಗ್ಗ ಸ್ವಲ್ಪ ಜಾರಿದರೂ ಚಿಂತೆಯಿಲ್ಲ, ಎರಡೂ ತುದಿಯಲ್ಲಿ ಅಂಥದೇ ಸ್ವಿಚ್ ಇಟ್ಟು ಪ್ರತಿ ಸಲ ಅಲ್ಲಿ ಲೆಕ್ಕವನ್ನು ಸೊನ್ನೆಗೆ ತನ್ನಿ. ಪ್ರಿಂಟರಿನ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರುಗಳನ್ನು ಬಿಚ್ಚಿ ತೆಗೆದಿಡಿ, ಮುಂದೆ ಬೀಜ ಹಾಕುವ ಭಾಗ ಸೇರಿಸುವಾಗ ಬೇಕಾಗುತ್ತವೆ. ನಾಲ್ಕು, ಐದು ಅಥವಾ ಆರು ತಂತಿಗಳಿದ್ದರೆ ಸಾಮಾನ್ಯವಾಗಿ ಅದು ಸ್ಟೆಪ್ಪರ್, ಎರಡೇ ತಂತಿಯಿದ್ದರೆ ಸಾಮಾನ್ಯ ಡಿಸಿ ಮೋಟಾರ್.

ಈಗ ನೀರಿನ ವಿಷಯಕ್ಕೆ ಬರೋಣ. ನಿಮ್ಮ ಯಂತ್ರದ ಬಗ್ಗೆ ನನಗೆ ಹೆಚ್ಚಿನ ಕಾಳಜಿ ಇರುವುದೂ ಇಲ್ಲಿಯೇ. ಆರ್‌ಒ ಯಂತ್ರದ ಪಂಪ್ ಸಾಮಾನ್ಯವಾಗಿ 24 ವೋಲ್ಟಿನದು. ಅದನ್ನು 12 ವೋಲ್ಟಿನಲ್ಲಿ ಓಡಿಸಿದರೆ ವೇಗ ಅರ್ಧದಷ್ಟಕ್ಕೆ ಇಳಿಯುತ್ತದೆ, ಒತ್ತಡವಿಲ್ಲದ ಕೊಳವೆಗೆ ನೀರು ಹಾಯಿಸಲು ಅಷ್ಟು ಸಾಲುತ್ತದೆ. ಅಬ್ಬಿಯ ನೀರಿನಲ್ಲಿ ಬರುವ ಮಣ್ಣಿನ ಕಣ ಪಂಪಿನ ಕವಾಟಕ್ಕೆ ಸಿಕ್ಕಿಕೊಳ್ಳುವುದರಿಂದ, ಅದೇ ಯಂತ್ರದ ಮೊದಲ ಫಿಲ್ಟರನ್ನು ಪಂಪಿಗೆ ನೀರು ಬರುವ ಬದಿಯಲ್ಲಿ ಉಳಿಸಿಕೊಳ್ಳಿ. ಅಬ್ಬಿಯ ಪೈಪನ್ನು ಮಾತ್ರ ಪಂಪಿಗೆ ನೇರವಾಗಿ ಸೇರಿಸಬೇಡಿ. ಈ ಬಗೆಯ ಪಂಪ್ ನಿಂತಿದ್ದಾಗಲೂ ನೀರಿನ ಒತ್ತಡ ಹಿಂದಿನಿಂದ ಇದ್ದರೆ ನೀರು ಅದರೊಳಗಿಂದಲೇ ಮುಂದಕ್ಕೆ ಹರಿಯುತ್ತದೆ, ಪಂಪ್ ನಿಲ್ಲಿಸಿದ್ದೇನೆಂದು ನೀವು ಮಲಗಿದರೆ ಬೆಳಗಿನೊಳಗೆ ಮಡಿ ಕೆಸರುಗದ್ದೆಯಾಗಿರುತ್ತದೆ. ಕೊಳವೆಯ ತೂತುಗಳಿಗಿಂತ ನೀರಿನ ಮಟ್ಟ ಯಾವಾಗಲೂ ಕೆಳಗಿರುವಂತೆ, ನೆಲದ ಮೇಲೆ ಇಟ್ಟ ಪಾತ್ರೆಯಿಂದಲೇ ಪಂಪ್ ನೀರೆಳೆಯಲಿ.

ಆ ಪಾತ್ರೆ ಚಿಕ್ಕದಾಗಿರಲಿ ಎಂದು ಒತ್ತಿ ಹೇಳುತ್ತೇನೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಹಾಕಿದರೆ ಅದು ಒಂದು ಮಿ.ಮೀ. ಮಳೆಗೆ ಸಮ. ನಿಮ್ಮ ಮಡಿ 2.7 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ ಐದು ಮಿ.ಮೀ. ಎಂದು ಹಿಡಿದರೆ ಹದಿಮೂರು ಹದಿನಾಲ್ಕು ಲೀಟರ್ ಬೇಕು. ಹಾಗಾಗಿ 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ಸಾಕು, ಅದನ್ನು ಬೆಳಿಗ್ಗೆ ಕೈಯಿಂದ ತುಂಬಿಸಿ. ಪ್ರೋಗ್ರಾಂ ತಪ್ಪಲಿ, ರಿಲೇ ಅಂಟಿಕೊಳ್ಳಲಿ, ಸೆನ್ಸರ್ ಸುಳ್ಳು ಹೇಳಲಿ, 20 ಲೀಟರಿಗಿಂತ ಹೆಚ್ಚು ನೀರು ಹೊರಹೋಗಲು ಸಾಧ್ಯವೇ ಇಲ್ಲ. ಏಪ್ರಿಲ್ ತಿಂಗಳಲ್ಲಿ ಇಡೀ ಮನೆಗೆ ಬರುವ ನೀರನ್ನು ಒಂದು ಯಂತ್ರದ ನಂಬಿಕೆಯ ಮೇಲೆ ಬಿಡಬಾರದು. ಕ್ಯಾನಿನಲ್ಲಿ ನೀರು ಮುಗಿದಾಗ ಪಂಪ್ ಒಣಗಿ ಓಡದಂತೆ ಒಂದು ಫ್ಲೋಟ್ ಸ್ವಿಚ್ ಹಾಕಿ.

ಕೊಳವೆಗೆ ಒಂದು ಮಿ.ಮೀ. ತೂತುಗಳನ್ನು ಕೊರೆದ ಮೇಲೆ, ಅದರ ಕೆಳಗೆ ಸಾಲಾಗಿ ತೆಂಗಿನ ಕರಟಗಳನ್ನಿಟ್ಟು ಒಂದು ನಿಮಿಷ ಪಂಪ್ ಓಡಿಸಿ ನೋಡಿ. ಪಂಪಿನ ಹತ್ತಿರದ ಕರಟ ತುಂಬಿ, ಆಚೆ ತುದಿಯದು ಅರ್ಧವೂ ಆಗದಿದ್ದರೆ ತೂತುಗಳು ಹೆಚ್ಚಾದವು ಅಥವಾ ಕೊಳವೆ ವಾಲಿದೆ ಎಂದು ಅರ್ಥ. ನೀರನ್ನು ಕೊಳವೆಯ ನಡುವಿನಿಂದ ಕೊಟ್ಟು, ಒಂದೆರಡು ತೂತು ಮುಚ್ಚಿದರೆ ಹೆಚ್ಚಾಗಿ ಸರಿಯಾಗುತ್ತದೆ. ಎಲ್ಲ ಕರಟಗಳ ನೀರನ್ನೂ ಕೂಡಿಸಿ ಅಳೆದಿಟ್ಟುಕೊಳ್ಳಿ, ನಿಮಿಷಕ್ಕೆ ಎಷ್ಟು ನೀರೆಂಬ ಲೆಕ್ಕ ಪ್ರೋಗ್ರಾಂಗೆ ಬೇಕು.

ಮಣ್ಣಿನ ತೇವ ಅಳೆಯಲು ಎರಡು ಕಡ್ಡಿಯ ಅಗ್ಗದ ಸೆನ್ಸರ್ ಬೇಡ. ಅದರಲ್ಲಿ ವಿದ್ಯುತ್ ಮಣ್ಣಿನೊಳಗೇ ಹರಿಯುವುದರಿಂದ ಕಡ್ಡಿಗಳ ಲೋಹ ಬೇಗನೆ ತಿಂದುಹೋಗುತ್ತದೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ತನ್ನಿ. ಅದರ ಕತ್ತರಿಸಿದ ಅಂಚಿನಿಂದ ನೀರು ಒಳಗೆ ಇಳಿಯದಂತೆ ಎಪಾಕ್ಸಿ ಅಥವಾ ನೈಲ್ ಪಾಲಿಶ್ ಬಳಿಯಿರಿ, ಮೇಲ್ಭಾಗದ ಬಿಡಿಭಾಗಗಳನ್ನೂ ಮುಚ್ಚಿ. ಇಎಸ್‌ಪಿ32ರಲ್ಲಿ ಅದನ್ನು 32ರಿಂದ 39ರ ನಡುವಿನ ಪಿನ್ನಿಗೇ ಜೋಡಿಸಬೇಕು, ಉಳಿದ ಅನಲಾಗ್ ಪಿನ್ನುಗಳು ವೈಫೈ ನಡೆಯುತ್ತಿರುವಾಗ ಓದಿಗೆ ಸಿಗುವುದಿಲ್ಲ. ರಿಲೇಗಳಿಗೆ 0, 2, 12, 15ರ ಪಿನ್ನುಗಳನ್ನು ಬಳಸಬೇಡಿ, ಬೋರ್ಡ್ ಚಾಲೂ ಆಗುವ ಹೊತ್ತಿನಲ್ಲಿ ಅವಕ್ಕೆ ಬೇರೆ ಕೆಲಸವಿರುತ್ತದೆ. ಪುಸ್ತಕದಲ್ಲಿರುವ ತೇವದ ಅಂಕಿಗಳನ್ನು ನಂಬದೆ, ನಿಮ್ಮದೇ ಮಡಿಯ ಮಣ್ಣನ್ನು ಬಿಸಿಲಿಗೆ ಒಣಗಿಸಿ ಒಂದು ಓದು, ಅದನ್ನೇ ನೆನೆಸಿ ನೀರು ಬಸಿದ ಮೇಲೆ ಇನ್ನೊಂದು ಓದು ತೆಗೆದು, ಅವೆರಡರ ನಡುವೆ ಗೆರೆ ಎಳೆಯಿರಿ. ಓದು ಈ ಎರಡು ಗಡಿಗಳಿಂದ ತೀರಾ ಹೊರಗೆ ಹೋದರೆ ತಂತಿ ಕಿತ್ತಿದೆ ಎಂದೇ ತಿಳಿದು, ಪ್ರೋಗ್ರಾಂ ನೀರನ್ನು ನಿಲ್ಲಿಸಬೇಕು.

ಯುಪಿಎಸ್ ಬ್ಯಾಟರಿಗಳ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಹೊರಗೆ ತೆಗೆದಿಟ್ಟವು ಬಹಳಷ್ಟು ಸಲ ಸತ್ತಿರುತ್ತವೆ. ಪೂರ್ತಿ ಚಾರ್ಜ್ ಮಾಡಿ, ಸ್ಕೂಟರಿನ 21 ವ್ಯಾಟಿನ ಬಲ್ಬ್ ಉರಿಸಿ ನೋಡಿ. 7 ಆಂಪಿಯರ್ ಗಂಟೆಯ ಗಟ್ಟಿ ಬ್ಯಾಟರಿ ಮೂರು ಗಂಟೆಯ ಹತ್ತಿರ ಉರಿಸುತ್ತದೆ. ಅರ್ಧ ಗಂಟೆಯೊಳಗೆ 11 ವೋಲ್ಟಿಗಿಂತ ಕೆಳಗಿಳಿದರೆ ಅದನ್ನು ಬ್ಯಾಟರಿ ಅಂಗಡಿಗೆ ಮರಳಿಸಿ. ಅಂದಾಜಿಗೆ ಹೇಳುವುದಾದರೆ, ದಿನವಿಡೀ ವೈಫೈ ಹಿಡಿದು ಕೂತ ಬೋರ್ಡ್ ಅರ್ಧ ಗಂಟೆ ಓಡುವ ಪಂಪಿಗಿಂತ ಹೆಚ್ಚು ವಿದ್ಯುತ್ ತಿನ್ನುತ್ತದೆ. ಆದ್ದರಿಂದ ಬೋರ್ಡನ್ನು ನಿದ್ರೆಗೆ ಹಾಕಿ, ಗಂಟೆಗೊಮ್ಮೆ ಎಬ್ಬಿಸಿದರೆ ಸಾಕು. ಬೇಸಿಗೆಯಲ್ಲಿ 20 ವ್ಯಾಟಿನ ಸೌರಫಲಕ ಈ ಖರ್ಚನ್ನು ತುಂಬಿಕೊಡುತ್ತದೆ. ಹಳೆಯ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ಲುಗಳನ್ನು ಬಿಚ್ಚಿ ಬಳಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಬೆಂಕಿ ಹತ್ತಿಕೊಳ್ಳಬಲ್ಲ ಆ ವಸ್ತು ಬಿಸಿಲಿನಲ್ಲಿ, ದರಕಿನ (ಒಣ ಎಲೆಯ) ರಾಶಿಯ ಪಕ್ಕದಲ್ಲಿ ಇರಕೂಡದು.

ಮಗಳು ಮೊದಲು ಬೋರ್ಡ್ ಇಲ್ಲದೆ, ಬರಿಯ ಸ್ವಿಚ್ಚಿನಿಂದ ಚೌಕಟ್ಟನ್ನು ಓಡಿಸಿ ಹಳಿ ಸರಿಮಾಡಲಿ, ಆಮೇಲೆ ಸಮಯದ ಲೆಕ್ಕದಲ್ಲಿ ನೀರು ಬಿಡಲಿ, ಸೆನ್ಸರ್ ಕೊನೆಗೆ ಬರಲಿ. ನವೆಂಬರಿನಲ್ಲಿ ಆರಂಭಿಸಿದರೆ ನೀರಿನ ಬಿಗಿ ಬರುವ ಹೊತ್ತಿಗೆ ಯಂತ್ರ ಪಳಗಿರುತ್ತದೆ. ಮೇ ಕೊನೆಯಲ್ಲಿ ಎಲ್ಲವನ್ನೂ ಬಿಚ್ಚಿ ಒಳಗಿಡಿ, ಮಳೆಗಾಲದಲ್ಲಿ ಅದಕ್ಕೆ ಕೆಲಸವಿಲ್ಲ.

ಪ್ರಶ್ನೆ: ಕಾರವಾರದಲ್ಲಿ ಕಡಲಿಗೆ ಹತ್ತಿರದ ಮನೆ. ಕುಂಡಗಳಿಗೆ ನೀರುಣಿಸುವ ಇಂಥದೇ ಯಂತ್ರ ಮಾಡಿದ್ದೆವು, ಕೆಲವೇ ತಿಂಗಳಲ್ಲಿ ತಂತಿಯ ಕೂಡುವಿಕೆಗಳೆಲ್ಲ ಹಸಿರುಗಟ್ಟಿದವು. ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿದ್ದರೂ ಒಳಗೆ ನೀರಿನ ಹನಿಗಳಿದ್ದವು.

ಉತ್ತರ: ಹನಿಗಳು ಬಂದದ್ದು ಪೂರ್ತಿ ಮುಚ್ಚಿದ್ದರಿಂದಲೇ ಇರಬೇಕು. ಹಗಲು ಬಿಸಿಯಾಗಿ ಹಿಗ್ಗಿದ ಗಾಳಿ ಸಂದಿಗಳಿಂದ ಹೊರಹೋಗುತ್ತದೆ, ರಾತ್ರಿ ತಣ್ಣಗಾದಾಗ ಕಡಲಿನ ತೇವದ ಗಾಳಿಯನ್ನು ಪೆಟ್ಟಿಗೆ ಒಳಗೆಳೆದುಕೊಳ್ಳುತ್ತದೆ, ಒಳಬಂದ ತೇವಕ್ಕೆ ಮರಳಿ ಹೋಗುವ ದಾರಿ ಸಾಲುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ತೂತು ಕೊರೆದು, ಇರುವೆ ಮತ್ತು ಹಲ್ಲಿ ನುಗ್ಗದಂತೆ ಸ್ಟೀಲ್ ಜಾಲರಿ ಅಂಟಿಸಿ. ಎಲ್ಲ ತಂತಿಗಳೂ ಕೆಳಗಿನಿಂದಲೇ ಒಳಬರಲಿ, ಬರುವ ಮುನ್ನ ಒಂದು ಬಾಗು ಕೆಳಗಿಳಿದಿದ್ದರೆ ಹನಿ ಅಲ್ಲಿಯೇ ತೊಟ್ಟಿಕ್ಕುತ್ತದೆ. ಚುಚ್ಚಿ ಸೇರಿಸುವ ಜಂಪರ್ ತಂತಿಗಳು ಕರಾವಳಿಯಲ್ಲಿ ಬಾಳುವುದಿಲ್ಲ. ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿ, ಬೋರ್ಡಿಗೆ ಕನ್‌ಫಾರ್ಮಲ್ ಕೋಟಿಂಗ್ ಎಂಬ, ತೇವ ತಡೆಯುವ ತೆಳು ಲೇಪವನ್ನು ಸಿಂಪಡಿಸಿ. ತವರ ಲೇಪಿಸಿದ ತಾಮ್ರದ ತಂತಿ ಉಪ್ಪುಗಾಳಿಗೆ ಚೆನ್ನಾಗಿ ತಡೆಯುತ್ತದೆ, ಮೀನುಗಾರಿಕೆ ದೋಣಿಗಳ ವಿದ್ಯುತ್ ಕೆಲಸ ಮಾಡುವವರಲ್ಲಿ ವಿಚಾರಿಸಿ. ಅಲ್ಯೂಮಿನಿಯಂಗೆ ಸ್ಟೀಲ್ ಬೋಲ್ಟನ್ನು ನೇರವಾಗಿ ಬಿಗಿದರೆ ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಂ ಕರಗುತ್ತಾ ಹೋಗುವುದರಿಂದ ನಡುವೆ ನೈಲಾನ್ ವಾಷರ್ ಇರಲಿ. ನಿಮ್ಮ ಮಣ್ಣಿನಲ್ಲಿ ಮರಳು ಹೆಚ್ಚಿದ್ದರೆ, ಒಂದೇ ಸಲ ಕೊಡುವ ನೀರನ್ನು ಬೆಳಿಗ್ಗೆ ಮತ್ತು ಸಂಜೆ ಎರಡು ಪಾಲು ಮಾಡಿ, ಇಲ್ಲವಾದರೆ ಬೇರಿಗೆ ಸಿಗುವ ಮೊದಲೇ ಬಸಿದುಹೋಗುತ್ತದೆ.

ಪ್ರಶ್ನೆ: ಇದೇ ಯಂತ್ರಕ್ಕೆ ಕ್ಯಾಮೆರಾ ಸೇರಿಸಿ ಕಳೆ ಕೀಳಿಸಬಹುದೇ?

ಉತ್ತರ: ಮನೆಯ ಮಟ್ಟದಲ್ಲಿ ಸದ್ಯಕ್ಕೆ ಬೇಡ. ಅಮೆರಿಕದಲ್ಲಿ ಬಂದ ಟರ್ಟಿಲ್ ಎಂಬ ಸಣ್ಣ ಸೌರ ರೋಬೋಟ್ ಕ್ಯಾಮೆರಾ ಇಲ್ಲದೆಯೇ ಕಳೆ ಸವರುತ್ತದೆ. ಎತ್ತರದ ಗಿಡ ತಾಗಿದರೆ ಹಿಂದೆ ಸರಿಯುತ್ತದೆ, ತನ್ನ ಹೊಟ್ಟೆಯ ಕೆಳಗೆ ಸಿಕ್ಕ ಚಿಕ್ಕ ಮೊಳಕೆಯನ್ನು ತಿರುಗುವ ದಾರದಿಂದ ಕತ್ತರಿಸುತ್ತದೆ. ನಾವು ನೆಟ್ಟ ಎಳೆಸಸಿಗಳಿಗೆ ತಂತಿಯ ಬೇಲಿ ಇಡಬೇಕು. ಅದು ಸಾಗುವುದು ಸಮತಟ್ಟಾದ, ಒಣಗಿದ ಮಣ್ಣಿನಲ್ಲಿ. ನಮ್ಮಲ್ಲಿ ಕಳೆ ಏಳುವುದು ಮಳೆಗಾಲದ ಕೆಸರಿನಲ್ಲಿ, ಮತ್ತು ಒತ್ತಾಗಿ ಬಿತ್ತಿದ ಹರಿವೆಯ ಮೊಳಕೆಗೂ ಕಳೆಯ ಮೊಳಕೆಗೂ ಎತ್ತರದಲ್ಲಿ ವ್ಯತ್ಯಾಸವಿರುವುದಿಲ್ಲ. ಬೇಸಿಗೆಯ ಮಡಿಯಲ್ಲಿ ಸಾಲುಗಳ ನಡುವೆ ದರಕನ್ನು ದಪ್ಪವಾಗಿ ಹಾಸಿ, ಗಿಡದ ಬುಡದಲ್ಲಿ ಎದ್ದ ಕಳೆಯನ್ನು ಕೈಯಿಂದ ಕಿತ್ತರೆ ಸಾಕು. ಹಾಸು ಹಾಕಿದ ಮೇಲೆ ತೇವದ ಸೆನ್ಸರನ್ನು ದರಕಿನ ಕೆಳಗಿನ ಮಣ್ಣಿಗೆ ಇಳಿಸಿಟ್ಟು, ಒಣ ಮತ್ತು ಹಸಿ ಓದುಗಳನ್ನು ಇನ್ನೊಮ್ಮೆ ಸರಿನೋಡಿಕೊಳ್ಳಿ.